ಎಡಕ್ಕೆ ಸುತ್ತುವ ವಿಮಾನ

ನನ್ನ ಸೋದರಮಾವನ ಬಳಿ ಒಂದು ಪ್ಲಾಸ್ಟಿಕ್ ವಿಮಾನವಿದೆ. ಅದರ ರೆಕ್ಕೆಯ ಉದ್ದ ನನ್ನ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು. ಮೂತಿಯಲ್ಲಿ ಹೆಬ್ಬೆರಳಿನಷ್ಟು ದೊಡ್ಡದೊಂದು ಇಂಜಿನ್ ಇದೆ. ಇಂಧನ ಉರಿಸಿಕೊಂಡು ಓಡುವ ನಿಜವಾದ ಇಂಜಿನ್. ಎಡ ರೆಕ್ಕೆಯ ತುದಿಯಿಂದ ಎರಡು ದಾರಗಳು ಹೊರಟು ಒಂದು ಹಿಡಿಕೆಗೆ ಬಂದು ಸೇರುತ್ತವೆ. ಹಾರಿಸುವವರು ಆ ಹಿಡಿಕೆ ಹಿಡಿದು ಬಯಲಿನ ನಡುವೆ ನಿಲ್ಲಬೇಕು. ವಿಮಾನ ಅವರ ಸುತ್ತ, ದಾರದ ಅಳತೆಯ ವೃತ್ತದಲ್ಲಿ ಹಾರುತ್ತದೆ. ಹಿಡಿಕೆಯನ್ನು ಮೇಲಕ್ಕೆ ಬಾಗಿಸಿದರೆ ಏರುತ್ತದೆ, ಕೆಳಕ್ಕೆ ಬಾಗಿಸಿದರೆ ಇಳಿಯುತ್ತದೆ. ವೇಗ ತಗ್ಗಿಸುವುದಕ್ಕಾಗಲಿ ನಿಲ್ಲಿಸುವುದಕ್ಕಾಗಲಿ ಯಾವ ಉಪಾಯವೂ ಇಲ್ಲ. ಟ್ಯಾಂಕಿನಲ್ಲಿರುವುದು ಮುಗಿಯುವ ತನಕ, ಅಂದರೆ ಸುಮಾರು ಎರಡು ನಿಮಿಷ, ಹಾರಿಸುವವರೂ ನಿಂತಲ್ಲೇ ಅದರ ಜೊತೆ ಸುತ್ತುತ್ತಿರಬೇಕು.

ಮಾವ ಹರಿಹರದ ಕಾರ್ಖಾನೆಯೊಂದರಲ್ಲಿ, ಉಪಕರಣಗಳನ್ನು ತಯಾರಿಸುವ ಟೂಲ್‌ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಂತ್ರ ಕೂರಿಸಲು ಬಂದಿದ್ದ ಹೊರದೇಶದ ಎಂಜಿನಿಯರರೊಬ್ಬರು ತಮ್ಮೂರಿಗೆ ಹೊರಡುವಾಗ ಇಂಥ ಎರಡು ವಿಮಾನಗಳನ್ನು ಮಾವನ ಕೈಗಿತ್ತು ಹೋದರಂತೆ. ಒಂದು ಬಹಳ ಹಿಂದೆಯೇ ಒಡೆದುಹೋಯಿತು. ಅದರ ಚೂರುಗಳು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಉಳಿದದ್ದನ್ನು ಮಾವ ನಲವತ್ತು ವರ್ಷ ಜೋಪಾನ ಮಾಡಿದರು. ವರ್ಷಕ್ಕೆ ಎರಡು ಮೂರು ಸಲ, ಗಾಳಿ ಇಲ್ಲದ ಬೆಳಿಗ್ಗೆ ನೋಡಿ ಹಾರಿಸುತ್ತಿದ್ದರು. ಚಿಕ್ಕಂದಿನಲ್ಲಿ ರಜೆಗೆ ಅವರ ಮನೆಗೆ ಹೋದಾಗಲೆಲ್ಲ ಚಾಲೂ ಮಾಡುವಾಗ ಇಂಜಿನ್ನಿಗೆ ಬ್ಯಾಟರಿ ತಂತಿ ಹಿಡಿಯುವ ಕೆಲಸ ನನ್ನದಾಗಿತ್ತು.

ಮೂರು ವರ್ಷದ ಹಿಂದೆ ಮಾವನಿಗೆ ಒಳಗಿವಿಯ ತೊಂದರೆ ಶುರುವಾಯಿತು. ನೇರ ನಡೆದರೆ ಏನೂ ಇಲ್ಲ. ಥಟ್ಟನೆ ತಿರುಗಿದರೆ ತಲೆ ಸುತ್ತುತ್ತದೆ. ಫ್ಯಾನು ತಿರುಗುವುದನ್ನು ನೋಡಿದರೂ ಆಗುವುದಿಲ್ಲ. ಅಲ್ಲಿಗೆ ವಿಮಾನ ಹಾರಿಸುವುದು ನಿಂತಿತು.

ಕಳೆದ ಡಿಸೆಂಬರಿನ ಒಂದು ಭಾನುವಾರ ಹರಿಹರಕ್ಕೆ ಹೋಗಿದ್ದೆ. ಮಾವ ವಿಮಾನವನ್ನು ಮೇಜಿನ ಮೇಲಿಟ್ಟು ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದರು. ಬಿಳಿಯಾಗಿದ್ದ ಪ್ಲಾಸ್ಟಿಕ್ಕು ಕೆನೆಯ ಬಣ್ಣಕ್ಕೆ ತಿರುಗಿತ್ತು.

"ನೀನು ಹಾರಿಸ್ತೀಯೇನವ್ವ?" ಎಂದರು, ಬ್ರಷ್ಷಿನ ಕೆಲಸ ನಿಲ್ಲಿಸದೆ.

"ನಾನಾ?"

"ಇಷ್ಟು ವರ್ಷ ನಾನು ನಡುವೆ ನಿಂತಿದ್ದೆ. ಅಲ್ಲಿಂದ ಅದರ ಎಡಗಡೆ ಒಂದೇ ಕಾಣೋದು. ಹೊರಗೆ ನಿಂತವರಿಗೆ ಅದು ಹೆಂಗೆ ಕಾಣ್ತೈತೆ ಅಂತ ನನಗೆ ಗೊತ್ತೇ ಇಲ್ಲ. ಒಂದೇ ಒಂದ್ಸಲ ಹೊರಗೆ ನಿಂತು ನೋಡ್ಬೇಕು."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಪ್ಲಾಸ್ಟಿಕ್ಕು ಹಪ್ಪಳ ಆಗೈತೆ. ಬಿದ್ರೆ ಹೋಯ್ತು, ಮತ್ತೆ ಸಿಗಂಗಿಲ್ಲ. ಸುಮ್ನೆ ಶೋಕೇಸಿನಾಗೆ ಇಡ್ರಿ ಅಂದ್ರೆ ಕೇಳಂಗಿಲ್ಲ ಇವರು."

"ಶೋಕೇಸಿನಾಗೆ ನಿನ್ನ ಪಿಂಗಾಣಿ ಬಾತುಕೋಳಿ ಅದಾವಲ್ಲ, ಅವು ಸಾಕು," ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ಬೇರೆ ಯಾರಿಗೂ ಕೊಡಾಕೆ ಮನಸ್ಸಿಲ್ಲ. ಬ್ಯಾಟರಿ ಹಿಡಿಯುವಾಗ ಮಾತಾಡದೆ ಇರ್ತಿದ್ದವಳು ನೀನೊಬ್ಬಳೇ," ಎಂದರು.

ಅತ್ತೆ ಹೇಳಿದ್ದು ಸರಿಯಾಗಿತ್ತು. ಅದು ಒಡೆದರೆ ಇನ್ನೊಂದಿಲ್ಲ. ನಾನು ದಾವಣಗೆರೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. ಒಡೆಯುವ ವಸ್ತುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ, ಆದರೆ ಗಾಜಿನ ಬೀಕರ್ ಒಡೆದರೆ ಕಪಾಟಿನಲ್ಲಿ ಮತ್ತೊಂದು ಇರುತ್ತದೆ. ಆದರೂ ಆಗಲಿ ಎಂದೆ. ಮಾವ ಅಲ್ಲಿಯ ತನಕ ನನ್ನಿಂದ ಏನನ್ನೂ ಕೇಳಿರಲಿಲ್ಲ.

ಹಳೆಯ ಇಂಧನ ಕೆಟ್ಟಿತ್ತು. ಅದನ್ನು ಮಾಡುವಾಗ ಸೇರಿಸುವ ಮುಖ್ಯ ವಸ್ತುಗಳಲ್ಲಿ ಹರಳೆಣ್ಣೆಯೂ ಒಂದು. ಇಂಜಿನ್ನಿನ ಒಳಗೆ ಸವೆಯದಂತೆ ನೋಡಿಕೊಳ್ಳುವುದು ಅದೇ. ಅತ್ತೆಯ ತವರು ಹತ್ತಿರದ ಸಾರಥಿ. ಅಲ್ಲಿ ಮನೆಯಲ್ಲೇ ಹರಳು ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದ ಎಣ್ಣೆಗಿಂತ ಶುದ್ಧವಾದದ್ದು ಲೋಕದಲ್ಲಿಲ್ಲವೆಂದು ಮಾವ ಅದನ್ನೇ ಹಾಕಿದರು. ಇಂಜಿನ್ ನಾಲ್ಕು ಸಲ ಕೆಮ್ಮಿ ನಿಂತಿತು. ಎಣ್ಣೆಯನ್ನು ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ದು, ಪ್ರನಾಳದಲ್ಲಿ ಹಾಕಿ ಬಿಸಿ ಮಾಡಿ ನೋಡಿದೆ. ಚಟಪಟ ಸಿಡಿಯಿತು, ಇನ್ನೂ ನೀರಿತ್ತು. ಮರುದಿನ ದಾವಣಗೆರೆಯ ಮಂಡಿಪೇಟೆಯ ಎಣ್ಣೆ ಅಂಗಡಿಗೆ ಹೋದೆ.

"ತಲಿಗೋ, ಹೊಟ್ಟಿಗೋ?" ಎಂದರು ಅಂಗಡಿಯವರು.

"ಇಂಜಿನ್ನಿಗೆ."

ಅವರು ನನ್ನ ಮುಖವನ್ನೊಮ್ಮೆ ನೋಡಿ, ಮತ್ತೇನೂ ಕೇಳದೆ ಸೋಸಿದ ಎಣ್ಣೆಯ ಡಬ್ಬಿ ಇಳಿಸಿದರು. ಆ ಎಣ್ಣೆಯನ್ನು ಇಂಜಿನ್ ಒಪ್ಪಿಕೊಂಡಿತು.

ಉಳಿದದ್ದು ಸುತ್ತುವುದನ್ನು ಕಲಿಯುವುದು. "ತಲೆ ಸುತ್ತದೆ ಇಪ್ಪತ್ತೈದು ಮೂವತ್ತು ಸುತ್ತು ಬಂದ್ರೆ ಸಾಕು, ಉಳಿದದ್ದು ಕೈಗೆ ತಾನೇ ತಿಳಿತೈತೆ," ಎಂದಿದ್ದರು ಮಾವ. ವಿನೋಬನಗರದ ನಮ್ಮ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದೆ ಯಾರಿಗೂ ಕಾಣದ ಒಂದು ಜಾಗವಿದೆ. ನಾನು ಏನನ್ನಾದರೂ ಕಲಿಯುವಾಗ ಯಾರೂ ನೋಡಬಾರದು. ಸೈಕಲ್ಲನ್ನೂ ಹಾಗೆಯೇ ಕಲಿತೆ, ಸ್ಕೂಟರನ್ನೂ ಹಾಗೆಯೇ. ಬೆಳಿಗ್ಗೆ ಆರು ಗಂಟೆಗೆ ಮೇಲೆ ಹೋಗಿ, ಬಲಗೈ ಮುಂದೆ ಚಾಚಿ, ನಿಂತಲ್ಲೇ ಸುತ್ತುತ್ತಿದ್ದೆ. ಮೊದಲ ದಿನ ಆರನೆಯ ಸುತ್ತಿಗೆ ಗೋಡೆ ಹಿಡಿದೆ. ದಿನವೂ ಎಷ್ಟು ಸುತ್ತಾಯಿತು, ತಲೆ ನಿಲ್ಲಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಬರೆದಿಟ್ಟೆ. ಹದಿನೈದನೆಯ ದಿನ ಮೂವತ್ತು ಸುತ್ತು ಬಂದು, ಕೆಳಗಿಳಿದು, ಅಮ್ಮನಿಗೆ ಚಹಾ ಸೋಸಿಕೊಟ್ಟೆ. ಒಂದು ಹನಿಯೂ ಚೆಲ್ಲಲಿಲ್ಲ.

ಫೋನಿನಲ್ಲಿ ಮಾವ ಕೇಳುತ್ತಿದ್ದರು, "ಹೆಂಗಾಗ್ತೈತೆ?"

"ಆಗ್ತೈತೆ ಮಾವ," ಎನ್ನುತ್ತಿದ್ದೆ. ಅವರೂ ಹೆಚ್ಚು ಕೇಳಲಿಲ್ಲ, ನಾನೂ ಹೆಚ್ಚು ಹೇಳಲಿಲ್ಲ.

ಜನವರಿ ಕೊನೆಯಲ್ಲಿ ಒಂದು ಬೆಳಿಗ್ಗೆ ನಾನೂ ಮಾವನೂ ಸಾರಥಿಗೆ ಹೋದೆವು. ಅತ್ತೆಯ ಅಣ್ಣ ಮೆಕ್ಕೆಜೋಳ ಒಣಗಿಸಿ ಚೀಲಕ್ಕೆ ತುಂಬಿ ಆಗಿತ್ತು. ಕಣ ಖಾಲಿ ಇತ್ತು. ಸಗಣಿ ಸಾರಿಸಿದ ಅಗಲವಾದ ಗಟ್ಟಿ ನೆಲ, ಒಂದು ಕಲ್ಲೂ ಇಲ್ಲ. ಎತ್ತುಗಳನ್ನು ಸುತ್ತ ನಡೆಸಿ ತೆನೆ ತುಳಿಸುತ್ತಿದ್ದ ಕಾಲದ ಕಣ ಅದು. ನಡುವೆ ಎತ್ತುಗಳನ್ನು ಕಟ್ಟುತ್ತಿದ್ದ ಮೇಟಿಕಂಬವನ್ನು ಕಿತ್ತು ಎಷ್ಟೋ ವರ್ಷವಾಗಿತ್ತು. ನಾನು ಹಿಡಿಕೆ ಹಿಡಿದು ಸರಿಯಾಗಿ ಆ ಜಾಗದಲ್ಲೇ ನಿಂತೆ.

ಕಣದ ಯಜಮಾನರಾದ ಅತ್ತೆಯ ಅಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದು ನೋಡಿದರು. "ಏನ್ ಭಾವ, ನಮ್ಮ ಹುಡುಗೀನ ಮೇಟಿಕಂಬ ಮಾಡೀರಲ್ಲ."

"ಎತ್ತು ಇಲ್ಲೈತೆ ನೋಡ್ರಿ," ಎಂದು ಮಾವ ವಿಮಾನ ತೋರಿಸಿದರು.

"ಇದಕ್ಕೆ ಹುಲ್ಲು ಎಷ್ಟು ಬೇಕು?"

"ನಾಲ್ಕು ಚಮಚ ಹರಳೆಣ್ಣೆ."

ಮಾವ ದಾರಗಳನ್ನು ಬಿಡಿಸಿ, ವಿಮಾನವನ್ನು ಸುತ್ತಲೂ ಎಳೆದಿದ್ದ ಸುಣ್ಣದ ಗೆರೆಯ ಮೇಲಿಟ್ಟು ಕುಕ್ಕರಗಾಲಲ್ಲಿ ಕುಳಿತರು. ನಾನು ಅದರ ಎದುರಿಗಿದ್ದೆ. ಅದರ ಮೂತಿ ನನ್ನ ಎಡಕ್ಕಿತ್ತು.

ಆಗ ನನಗೆ ತಿಳಿಯಿತು. ಅದು ಎಡಕ್ಕೆ ಹೋಗುತ್ತದೆ. ನಾನು ಹದಿನೈದು ದಿನ ಸುತ್ತಿದ್ದು ಬಲಕ್ಕೆ. ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿದ್ದೆ, ಆದರೆ ಬ್ಯಾಟರಿ ಹಿಡಿದು ಹೊರಗೆ ನಿಂತವಳಿಗೆ ನಡುವಿನವರ ಕಾಲು ಯಾವ ಕಡೆ ಎಂಬುದು ಮನಸ್ಸಿನಲ್ಲಿ ಉಳಿದಿರಲಿಲ್ಲ. ನಿಂತಲ್ಲೇ ಸುತ್ತುವುದೆಂದರೆ ನನ್ನ ದೇಹಕ್ಕೆ ಗೊತ್ತಿದ್ದದ್ದು ಒಂದೇ: ದೇವರ ಮುಂದೆ ಕೈ ಮುಗಿದು ಬಲಕ್ಕೆ ಮೂರು ಸುತ್ತು ಬರುವುದು. ನಡೆಯಲು ಕಲಿತಾಗಿನಿಂದ ಅಮ್ಮ ಹೆಗಲು ಹಿಡಿದು ತಿರುಗಿಸಿದ ದಿಕ್ಕು ಅದು. ತಾರಸಿಯ ಮೇಲೆ ಯಾವ ಕಡೆ ಎಂಬ ಪ್ರಶ್ನೆಯೇ ಹುಟ್ಟಿರಲಿಲ್ಲ.

"ಮಾವ, ಸ್ವಲ್ಪ ತಾಳಿ" ಎಂದು ನಾನು ಅನ್ನಬಹುದಿತ್ತು. ಅನ್ನಲಿಲ್ಲ. ಸುತ್ತುವುದು ಸುತ್ತುವುದೇ, ಎಡಕ್ಕಾದರೇನು ಎಂದು ಒಳಗೇ ಲೆಕ್ಕ ಹಾಕಿದೆ. ನಿಜ ಹೇಳಬೇಕೆಂದರೆ, ಇಬ್ಬರು ಹಿರಿಯರ ಮುಂದೆ ತಪ್ಪು ಒಪ್ಪಿಕೊಳ್ಳಲು ನಾಚಿಕೆಯಾಯಿತು.

ಮಾವ ತಾವೇ ಬ್ಯಾಟರಿ ತಂತಿ ತಾಗಿಸಿ, ಪ್ರೊಪೆಲ್ಲರನ್ನು ಅದರ ಸ್ಪ್ರಿಂಗು ಬಿಗಿಯುವಂತೆ ಹಿಂದಕ್ಕೆ ತಿರುಗಿಸಿ ಬಿಟ್ಟರು. ಇಂಜಿನ್ ಒಂದೇ ಸಲಕ್ಕೆ ಕಿರುಚಿತು. ಕೈ ಬಿಟ್ಟರು. ವಿಮಾನ ನೆಲದ ಮೇಲೆ ಓಡಿ, ಕಾಲು ವೃತ್ತ ದಾಟುವಷ್ಟರಲ್ಲಿ ಮೇಲೆದ್ದಿತು. ದಾರಗಳು ಬಿಗಿದವು. ಬೆರಳಿನಲ್ಲಿ ಅದರ ಸೆಳೆತ ತಿಳಿಯಿತು, ಜೀವವಿರುವ ಯಾವುದೋ ಕೈ ಹಿಡಿದು ಜಗ್ಗಿದಂತೆ. ಒಂದು ಸುತ್ತು ಸರಿಯಾಗಿ ಬಂದೆ. ಎರಡನೆಯದರಲ್ಲಿ ಕಣ ಒಂದು ಕಡೆಗೆ ಎದ್ದು ನಿಂತಿತು. ಬಲಕ್ಕೆ ಪಳಗಿದ್ದ ಕಾಲುಗಳು ಒಂದಕ್ಕೊಂದು ತೊಡರಿದವು. ನಾನು ಕುಸಿದು ಕುಳಿತೆ, ಕೈ ನೆಲಕ್ಕೆ ಬಡಿಯಿತು, ವಿಮಾನ ಮೂತಿ ಕೆಳಗೆ ಮಾಡಿ ನೆಲಕ್ಕಿಳಿಯಿತು. ಇಂಜಿನ್ ನಿಂತುಹೋಯಿತು.

ಮಾವ ವಿಮಾನದ ಹತ್ತಿರ ಹೋಗಲಿಲ್ಲ. ನೇರ ನನ್ನ ಬಳಿ ಬಂದರು. "ಎಲ್ಲಿ ಪೆಟ್ಟಾಯ್ತವ್ವ? ಕೈ ತೋರ್ಸು. ಬೆರಳು ಮಡಚು. ಹ್ಞಾಂ."

ಆಮೇಲೆ ಚೂರು ಆರಿಸಿದರು. ರೆಕ್ಕೆಗೆ ಏನೂ ಆಗಿರಲಿಲ್ಲ; ಅದನ್ನು ಮೈಗೆ ಕಟ್ಟಿರುವುದು ರಬ್ಬರ್ ಬ್ಯಾಂಡಿನಿಂದ, ಬಿದ್ದರೆ ಕಳಚಿಕೊಳ್ಳಲೆಂದೇ. ಬಾಲ ಮಾತ್ರ ಮೂರು ತುಂಡಾಗಿತ್ತು. ಹೊಟ್ಟೆಯ ಕೆಳಗೆ ಉದ್ದಕ್ಕೆ ಸೀಳಿತ್ತು.

"ಚೆನ್ನಾಗೇ ಎದ್ದಿತ್ತಲ್ಲ. ಏನಾಯ್ತು?" ಎಂದರು ಮಾವ.

"ನಾನು ಬಲಕ್ಕೆ ಕಲ್ತಿದ್ದೆ ಮಾವ."

"ಬಲಕ್ಕಾ? ಯಾಕ?"

"ಗುಡಿಯಲ್ಲಿ ಹಂಗೇ ಅಲ್ವಾ ಸುತ್ತೋದು."

ಮಾವ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಬಾಲದ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡೇ, ನಕ್ಕು ನಕ್ಕು ನನ್ನ ಪಕ್ಕ ನೆಲದ ಮೇಲೆ ಕುಳಿತರು.

"ಪ್ರದಕ್ಷಿಣೆ ಹಾಕಾಕೆ ಕಲ್ಸಿದ್ರಿ, ವಿಮಾನ ಹಾರ್ಸಾಕೆ ಕಲ್ಸಲಿಲ್ಲ," ಎಂದರು ಕಣದ ಯಜಮಾನರು. "ಅಲ್ಲವ್ವ, ಸುತ್ತುವಾಗ ಎಲ್ಲಿ ನೋಡ್ತಿದ್ದೆ?"

"ನೆಲ."

"ಅದಕ್ಕೇ. ನಾನು ಹುಡುಗ ಇದ್ದಾಗ ಇದೇ ಕಣದಾಗೆ ಎತ್ತಿನ ಹಿಂದೆ ಹೊತ್ತು ಮುಳುಗೋ ತನಕ ಸುತ್ತಿದೀನಿ. ಎತ್ತಿನ ಬಾಲ ಒಂದೇ ನೋಡ್ಬೇಕು. ನೆಲ ನೋಡಿದ್ಯೋ, ಕೆಟ್ಟೆ."

ಹರಿಹರಕ್ಕೆ ಮರಳಿದ ಮೇಲೆ ಅತ್ತೆ ತುಂಡುಗಳನ್ನು ನೋಡಿ ಏನೂ ಬೈಯಲಿಲ್ಲ. "ಇನ್ನು ಸಾಕ್ರಿ," ಎಂದಷ್ಟೇ ಅಂದರು. ನನಗೂ ಸಾಕಾಗಿತ್ತು. ನಲವತ್ತು ವರ್ಷ ಉಳಿದು ಬಂದದ್ದನ್ನು ನಾನು ಎರಡು ಸುತ್ತಿನಲ್ಲಿ ಮುರಿದಿದ್ದೆ, ಅದೂ ಒಂದು ಮಾತು ಕೇಳದೆ ಇದ್ದುದಕ್ಕೆ. ಬಸ್ಸಿನಲ್ಲಿ ದಾವಣಗೆರೆಗೆ ಬರುವಾಗ ಮಾವನಿಗೆ ಸಂದೇಶ ಬರೆದೆ: ಇನ್ನು ಅದನ್ನು ಶೋಕೇಸಿನಲ್ಲಿಡಿ, ನಾನು ಮುಟ್ಟುವುದಿಲ್ಲ.

ಹತ್ತು ದಿನದ ಮೇಲೆ, ಬೆಳಿಗ್ಗೆ ಆರೂವರೆಗೆ, ಮಾವನೇ ನಮ್ಮ ಮನೆಯ ಬಾಗಿಲಲ್ಲಿದ್ದರು. ಮೊದಲ ಬಸ್ಸು ಹಿಡಿದು ಬಂದಿದ್ದರು. ಕೈಯಲ್ಲಿ ಪತ್ರಿಕೆ ಸುತ್ತಿದ ಹಿಡಿಕೆ. ಅಮ್ಮ ಗಾಬರಿಯಾದಳು. "ಯಾಕೋ ತಮ್ಮ, ಇಷ್ಟು ಬೆಳಿಗ್ಗೆ?"

"ಏನಿಲ್ಲ ಅಕ್ಕ. ತಾರಸಿ ನೋಡಾಕೆ ಬಂದೆ."

ಮೇಲೆ ಹೋದ ಮೇಲೆ ಅವರು ಪ್ಲಾಸ್ಟಿಕ್ ಕುರ್ಚಿಯನ್ನು ಟ್ಯಾಂಕಿನ ಆ ಬದಿಗೆ ಎಳೆದು, ನನಗೆ ಪೂರ್ತಿ ಬೆನ್ನು ಮಾಡಿ ಕುಳಿತು, ಪತ್ರಿಕೆ ಬಿಡಿಸಿದರು.

"ನೀನು ಸುತ್ತೋದನ್ನ ನೋಡಿದ್ರೆ ನನಗೆ ತಲೆ ತಿರುಗ್ತೈತೆ. ಅದಕ್ಕೇ ನೋಡಂಗಿಲ್ಲ. ಶುರು ಮಾಡವ್ವ. ಎಡಕ್ಕೆ."

ನಾನು ಸುತ್ತಿದೆ. ಐದನೆಯ ಸುತ್ತಿಗೆ ಬೆನ್ನ ಹಿಂದಿನಿಂದಲೇ ಅವರ ದನಿ ಬಂತು. "ಎಡಗಾಲು ಎಳೀತೈತೆ. ಎತ್ತಿ ಇಡು." ಎಂಟನೆಯ ಸುತ್ತಿಗೆ, "ಈಗ ನೆಲ ನೋಡ್ದೆ." ನೋಡಿದ್ದೆ. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಹೆಜ್ಜೆ ಸಪ್ಪಳ ಹತ್ತಿರ ಹತ್ತಿರ ಬಿತ್ತು. ಲೇತಿನಾಗೆ ಕೆಲಸ ಮಾಡಿದೋನು ನಾನು. ಕಿವಿ ಒಳಗೆ ಕೆಟ್ಟಿರಬೋದು, ಕೇಳಾಕೆ ಕೆಟ್ಟಿಲ್ಲ," ಎಂದು ಪುಟ ತಿರುಗಿಸಿದರು.

ವಾರಕ್ಕೆ ಎರಡು ದಿನದಂತೆ ಐದು ವಾರ ಅವರು ಬಂದರು. ಪ್ರತಿ ಸಲವೂ ಅದೇ ಕುರ್ಚಿ, ಅದೇ ಬೆನ್ನು, ಅದೇ ಪತ್ರಿಕೆ. ನನಗೆ ಅನೇಕ ಒಳ್ಳೆಯ ಮೇಷ್ಟ್ರುಗಳು ಸಿಕ್ಕಿದ್ದಾರೆ. ಆದರೆ ನೋಡದೆ ಕಲಿಸಿದವರು ಇವರೊಬ್ಬರೇ. ತಲೆಸುತ್ತು ಅವರಿಗೆ ನಿಜವಾಗಿಯೂ ಇತ್ತು. ಆದರೂ ನನ್ನ ಸ್ವಭಾವ ಬಲ್ಲ ಅವರಿಗೆ ಬೆನ್ನು ಮಾಡಿ ಕೂರಲು ಇನ್ನೊಂದು ಕಾರಣವೂ ಇತ್ತೆಂದು ನನಗೆ ಆಗಲೇ ಗೊತ್ತಿತ್ತು. ಅದನ್ನು ಅವರು ಹೇಳಲಿಲ್ಲ. ಅದಕ್ಕಾಗಿ ನಾನು ಅವರಿಗೆ ಕೃತಜ್ಞಳು. ತಾರಸಿಯಲ್ಲಿ ಇನ್ನೊಬ್ಬರು ಇರುವಾಗಲೂ ನಾನು ಎಡವಬಹುದು, ಗೋಡೆ ಹಿಡಿಯಬಹುದು ಎಂಬುದನ್ನು ಆ ಐದು ವಾರಗಳಲ್ಲಿ ಕಲಿತೆ. ನಾಲ್ಕನೆಯ ವಾರ ನಾನಾಗಿಯೇ, "ಮಾವ, ಕೈ ಎಷ್ಟು ಎತ್ತರ ಇರಬೇಕು?" ಎಂದು ಕೇಳಿದೆ. ಅವರು ತಿರುಗದೆ ತಮ್ಮ ಕೈ ಚಾಚಿ ತೋರಿಸಿದರು.

ಅಷ್ಟರಲ್ಲಿ ವಿಮಾನವನ್ನೂ ರಿಪೇರಿ ಮಾಡಿದ್ದರು. ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಹಳೆಯ ವಿಮಾನದ ಬಾಲ ಇದಕ್ಕೆ ಬಂದಿತ್ತು. ಅದು ಕೆಂಪು, ಇದು ಕೆನೆ ಬಣ್ಣ. ಹೊಟ್ಟೆಯ ಸೀಳಿಗೆ ಅಂಟು ನಿಲ್ಲಲಿಲ್ಲವೆಂದು ಎರಡೂ ಅಂಚಿಗೆ ಸೂಜಿಯಷ್ಟು ಸಣ್ಣ ತೂತು ಕೊರೆದು, ಕೂದಲಿನಂಥ ತಂತಿಯಿಂದ ಹೊಲಿದಿದ್ದರು. ನಾನು ಎಣಿಸಿದೆ: ಹದಿನೇಳು ಹೊಲಿಗೆ, ಎಲ್ಲವೂ ಒಂದೇ ಅಂತರ.

"ಇನ್ನೊಂದ್ಸಲ ಬಿದ್ರೆ?" ಎಂದೆ.

"ಬಿದ್ರೆ ಹೊಲಿಯಾಕೆ ಜಾಗ ಇಲ್ಲ. ಮುಗೀತು," ಎಂದರು. "ಆದರೆ ಇಟ್ಟುಕೊಂಡು ಏನ್ ಮಾಡ್ಲಿ? ನಾನು ನೋಡ್ಬೇಕಾಗಿದ್ದು ಅದು ಹಾರೋದನ್ನ."

ಮಾರ್ಚ್ ಮೂರನೆಯ ವಾರ ಮತ್ತೆ ಸಾರಥಿಗೆ ಹೋದೆವು. ಈ ಸಲ ಅತ್ತೆಯೂ ಬಂದರು, ರೊಟ್ಟಿ ಬುತ್ತಿ ಕಟ್ಟಿಕೊಂಡು. "ಮುರಿದ್ರೆ ಹಸಿದ ಹೊಟ್ಟೇಲಿ ದುಃಖ ಪಡೋದು ಬ್ಯಾಡ ಅಂತ," ಎಂದು ನನಗೆ ಮೆಲ್ಲಗೆ ಹೇಳಿದರು. ಕಣದ ಯಜಮಾನರು ತಾವೇ ಸುಣ್ಣದ ಗೆರೆ ಎಳೆದಿಟ್ಟಿದ್ದರು. ಗಾಳಿ ಇರಲಿಲ್ಲ.

ನಾನು ನಡುವಿಗೆ ಹೋಗಿ ನಿಂತೆ. ಮಾವ ಇಂಜಿನ್ ಚಾಲೂ ಮಾಡಿ, ನನ್ನ ಕಡೆ ನೋಡಿ, ಕಾದರು. ಹೋದ ಸಲ ಹಾಗೆ ಕಾದಿರಲಿಲ್ಲ. ನಾನು ತಲೆಯಾಡಿಸಿದೆ. ಬಿಟ್ಟರು.

ಮೇಲೆದ್ದಿತು. ಆ ಕೆಂಪು ಬಾಲವೊಂದನ್ನೇ ನೋಡಿದೆ. ಕಣ, ಗದ್ದೆ, ತೆಂಗಿನ ಮರ, ನಿಂತಿದ್ದ ಮೂವರು, ಎಲ್ಲ ಕಲಸಿಹೋಗಿ ಹಸಿರು ಕಂದು ಪಟ್ಟಿಯೊಂದು ಹಿಂದೆ ಓಡುತ್ತಿತ್ತು. ವಿಮಾನ ಮಾತ್ರ ನನ್ನ ಕೈಯ ತುದಿಯಲ್ಲಿ ಅಲುಗಾಡದೆ ನಿಂತಂತಿತ್ತು. ಇಂಜಿನ್ನಿನ ಕಿರುಚಾಟ ಒಂದೇ ಸಮ. ಸುಟ್ಟ ಹರಳೆಣ್ಣೆಯ ಹೊಗೆ ಪ್ರತಿ ಸುತ್ತಿಗೂ ಮುಖಕ್ಕೆ ಬಡಿಯುತ್ತಿತ್ತು. ಎಡಗಾಲು ಎತ್ತಿ ಇಟ್ಟೆ. ಒಂದು ಸಲ ಅದು ತುಸು ಕೆಳಗಿಳಿಯಿತು. ನಾನು ಯೋಚಿಸುವ ಮೊದಲೇ ಮಣಿಕಟ್ಟು ಅದನ್ನು ಮೇಲೆತ್ತಿತ್ತು. ಎಷ್ಟು ಸುತ್ತಾಯಿತೆಂದು ಎಣಿಸಲಿಲ್ಲ. ಏನನ್ನೂ ಎಣಿಸದೆ ನಾನು ಕಳೆದ ಎರಡು ನಿಮಿಷಗಳು ಬಹುಶಃ ಅವೇ.

ಇಂಜಿನ್ ನಿಂತಿತು. ಇನ್ನೂ ಅರ್ಧ ಸುತ್ತು ವಿಮಾನ ಸದ್ದಿಲ್ಲದೆ ತೇಲಿ, ನೆಲ ಮುಟ್ಟಿ, ಒಮ್ಮೆ ಪುಟಿದು, ಓಡಿ ನಿಂತಿತು. ಹೊಲಿಗೆ ಬಿಟ್ಟಿರಲಿಲ್ಲ. ನನ್ನ ತಲೆ ಸ್ವಲ್ಪ ಸುತ್ತುತ್ತಿತ್ತು, ಆದರೆ ನಿಂತೇ ಇದ್ದೆ.

ಮಾವನನ್ನು ಹುಡುಕಿದೆ. ಗೆರೆಯ ಹೊರಗೆ, ತಮ್ಮ ಭಾವನ ಹೆಗಲ ಮೇಲೆ ಒಂದು ಕೈ ಇಟ್ಟುಕೊಂಡು, ಕತ್ತು ಅಲುಗಿಸದೆ ನೇರ ಮುಂದಕ್ಕೆ ನೋಡುತ್ತಾ ನಿಂತಿದ್ದರು. ವಿಮಾನ ಹೋದತ್ತ ತಲೆ ತಿರುಗಿಸಿದರೆ ಅವರಿಗೆ ಬವಳಿ ಬರುತ್ತಿತ್ತು. ಹಾಗಾಗಿ ಒಂದೇ ಕಡೆ ದೃಷ್ಟಿ ನೆಟ್ಟು, ಅದು ತಾನಾಗಿ ತಮ್ಮ ಮುಂದೆ ಹಾದುಹೋಗಲೆಂದು ಕಾದಿದ್ದರು.

"ಇಪ್ಪತ್ತಾರು ಸಲ ಬಂತು ನೋಡವ್ವ ನನ್ನ ಮುಂದೆ," ಎಂದರು. "ಅದರ ಹೊರಗಿನ ಬದಿಗೆ ಬಿಸಿಲು ಬೀಳ್ತೈತೆ. ನಡುವೆ ನಿಂತೋರಿಗೆ ಅದು ಕಾಣಂಗಿಲ್ಲ."

ಅತ್ತೆ ಬುತ್ತಿ ಬಿಚ್ಚುವುದನ್ನು ಮರೆತು ನಿಂತಿದ್ದರು. "ಹೊಟ್ಟೆ ಕೆಳಗೆ ಹೊಲಿಗೆ ಹೊಳೀತಿತ್ತಲ್ರಿ," ಎಂದರು. ಆಮೇಲೆ ಗಂಡನ ಕಡೆ ನೋಡಿ, "ಒಂದೇ ಸಲ ಅಂದಿದ್ರಿ. ಆಯ್ತಲ್ಲ?"

ಮಾವ ವಿಮಾನದ ಬಳಿ ಕುಕ್ಕರಗಾಲಲ್ಲಿ ಕುಳಿತು, ರಬ್ಬರ್ ಬ್ಯಾಂಡುಗಳನ್ನು ಒಂದೊಂದಾಗಿ ಎಳೆದು ನೋಡಿ, ಜೇಬಿನಿಂದ ಸಿರಿಂಜು ತೆಗೆದು ಟ್ಯಾಂಕಿಗೆ ಇಂಧನ ತುಂಬಲು ಶುರು ಮಾಡಿದರು. ಇನ್ನೊಂದು ಸಲ ಹಾರಿಸುತ್ತೀಯಾ ಎಂದು ಕೇಳಲಿಲ್ಲ. ನಾನು ನೆಲದ ಮೇಲಿದ್ದ ಹಿಡಿಕೆ ಎತ್ತಿಕೊಂಡು, ದಾರಗಳ ಸಿಕ್ಕು ಬಿಡಿಸುತ್ತಾ ನಡುವಿಗೆ ನಡೆದೆ.